ಎಂಟು ವರ್ಷದ ಗಿರಾಕಿ

ಅಂಗಡಿಯಲ್ಲಿ ದುಡ್ಡು ಕೊಟ್ಟು ಒಂದು ರೊಟ್ಟಿ ಹಂಚು ತಂದಿದ್ದೀರಿ ಎಂದುಕೊಳ್ಳಿ. ಎರಡು ವರ್ಷ ಅದರ ಮೇಲೆ ರೊಟ್ಟಿ ಬೇಯಿಸಿದ್ದೀರಿ. ಒಂದು ಮುಂಜಾನೆ ಆ ಅಂಗಡಿಯವನು ಸೀದಾ ಅಡುಗೆಮನೆಗೆ ಬಂದು, ಮೇಲಿನ ರೊಟ್ಟಿ ಅರ್ಧ ಬೆಂದಿರುವಾಗಲೇ ಹಂಚನ್ನು ಎತ್ತಿಕೊಂಡು ಹೊರಟರೆ ನಮ್ಮ ಕಡೆಯ ಹೆಂಗಸರು ಅವನನ್ನು ಸುಮ್ಮನೆ ಕಳಿಸುವುದಿಲ್ಲ. ನಮಗೆ ಒಂದು ಪುಸ್ತಕದ ಅಂಗಡಿ ಇದನ್ನೇ ಮಾಡಿತು. ಆದರೆ ಅದು ಇಂಟರ್ನೆಟ್ಟಿನ ಅಂಗಡಿ. ಹೋಗಿ ಜಗಳವಾಡಲು ಅದಕ್ಕೆ ಹೊಸ್ತಿಲಿಲ್ಲ, ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಮನುಷ್ಯನಿಲ್ಲ. ಇಷ್ಟು ವರ್ಷವಾದರೂ ನನ್ನ ಸಿಟ್ಟು ಇಳಿದಿಲ್ಲ. ಆ ಸಿಟ್ಟಿನಲ್ಲಿ ಅರ್ಧ ಅಂಗಡಿಯ ಮೇಲಿನದು. ಉಳಿದ ಅರ್ಧ ಯಾರ ಮೇಲಿನದು ಎಂಬುದನ್ನೂ ಹೇಳುತ್ತೇನೆ.

ನಾನು ಆಳಂದದ ಕಡೆಯವನು. ನಾಸಿಕದ ಹತ್ತಿರ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ದುಡಿದವನು, ಅದರಲ್ಲೂ ಬಹಳ ವರ್ಷ ಇನ್‌ಸ್ಪೆಕ್ಟರ್ ಆಗಿ. ಬೇರೆಯವರು ಮಾಡಿಟ್ಟ ಭಾಗವನ್ನು ಅಳೆದು ನೋಡಿ, ಸರಿ ಇದ್ದರೆ ಕಾಗದದ ಮೇಲೆ ನನ್ನ ನಂಬರಿನ ಮುದ್ರೆ ಒತ್ತುವುದು ಕೆಲಸ. ಆ ಮುದ್ರೆ ಹೆಬ್ಬೆರಳಿನಷ್ಟು, ಆದರೆ ಅದನ್ನು ಇನ್ನೊಬ್ಬರ ಕೈಗೆ ಕೊಡುವಂತಿಲ್ಲ. ನೋಡದೆ ಒತ್ತಬಾರದು. ನೋಡಿದ್ದನ್ನು ಬಿಟ್ಟು ಬೇರೆ ಬರೆಯಬಾರದು. ಮೇಲೆ ಹಾರುವವನು ಆ ಕಾಗದವನ್ನು ನಂಬಿ ಹಾರುತ್ತಾನೆ. ಈ ಅಭ್ಯಾಸ ಕಾರ್ಖಾನೆಯ ಗೇಟಿನಲ್ಲಿ ನಿಲ್ಲದೆ ಮನೆತನಕ ಬಂತು. ಮಗಳಿಗೆ ಅರ್ಧ ಟಿಕೆಟ್ಟಿನ ವಯಸ್ಸು ಮೀರಿ ಒಂದೇ ತಿಂಗಳಾಗಿದ್ದಾಗ ಎಲ್ಲರೂ ಬೇಡವೆಂದರೂ ರೈಲಿನಲ್ಲಿ ಪೂರ್ತಿ ಟಿಕೆಟ್ ತೆಗೆಸಿದವನು ನಾನು. "ಈ ದೇಶದಾಗ ನೀವೊಬ್ಬರ ಸತ್ಯವಂತರು ನೋಡ್ರಿ" ಎಂದ ಹೆಂಡತಿ ಸೊಲ್ಲಾಪುರ ದಾಟುವ ತನಕ ಮಾತು ಬಿಟ್ಟಿದ್ದಳು.

ಕಾರ್ಖಾನೆಯ ಟೌನ್‌ಶಿಪ್ಪಿನಲ್ಲಿ ಕನ್ನಡದ ಮನೆಗಳು ಸಾಕಷ್ಟಿದ್ದವು. ಒಂದು ರಾಜ್ಯೋತ್ಸವದ ದಿನ ಎಲ್ಲರೂ ಕೂಡಿ ಕನ್ನಡ ಸಂಘ ಕಟ್ಟಿದೆವು, ಕಬ್ಬಿಣದ ಒಂದು ಕಪಾಟು ತಂದು ಊರಿಗೆ ಹೋದವರೆಲ್ಲ ಹೊತ್ತು ತಂದ ಪುಸ್ತಕಗಳಿಂದ ತುಂಬಿದೆವು. ಸಂಘಕ್ಕೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು: ಯಾವುದೂ ಒಬ್ಬರ ಹೆಸರಿನಲ್ಲಿ ಇರಬಾರದು. ಸುಟ್ಟುಕೊಂಡು ಕಲಿತ ನಿಯಮ ಅದು. ಮೊದಲ ಕಾರ್ಯದರ್ಶಿಗೆ ಬೇರೆ ಊರಿಗೆ ವರ್ಗವಾದಾಗ ಕಪಾಟಿನ ಕೀಲಿಕೈ, ಬ್ಯಾಂಕಿನ ಪಾಸ್‌ಬುಕ್ ಎರಡೂ ಅವರ ಸಾಮಾನಿನ ಲಾರಿಯಲ್ಲಿ ಹೋಗಿಬಿಟ್ಟಿದ್ದವು. ನಾವೆಲ್ಲ ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ ಇರುವ ಜನ. ಸಂಘದ್ದು ಸಂಘದ ಹೆಸರಿನಲ್ಲೇ ಇರಲಿ ಎಂದು ಠರಾವು ಮಾಡಿ ಎಲ್ಲರೂ ಸಹಿ ಹಾಕಿದ್ದೆವು.

ಆ ಕಪಾಟನ್ನು ಎಲ್ಲರಿಗಿಂತ ಹೆಚ್ಚು ಸಲ ತೆರೆದವರು ಅಕ್ಕೋರು. ನಮ್ಮ ಕಡೆ ಶಾಲೆಯ ಟೀಚರಮ್ಮನಿಗೆ ಹಾಗೆ ಕರೆಯುತ್ತಾರೆ. ಭಾಲ್ಕಿಯ ಕಡೆ ಕಲಿಸಿ, ನಿವೃತ್ತರಾಗಿ, ಮಗಳು ಅಳಿಯನ ಜೊತೆ ಇರಲು ಬಂದಿದ್ದರು. ಅಳಿಯ ನಮ್ಮ ಕಾರ್ಖಾನೆಯವನೇ. ಬಟಾಣಿ ಸುಲಿಯುವಾಗ ತೊಡೆಯ ಮೇಲೆ ಪುಸ್ತಕ, ಮದುವೆಯ ಮಂಟಪದಲ್ಲಿ ಚೀಲದೊಳಗೆ ಪುಸ್ತಕ. ಓದಿ ಹಿಂದಿರುಗಿಸುವಾಗ ಲೇಖಕರ ತಪ್ಪುಗಳನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಮಾಡಿರುತ್ತಿದ್ದರು. "ಈತ ಮೂರನೇ ಅಧ್ಯಾಯದಾಗ ಎಡಗೈಲೆ ಉಣ್ತಿದ್ದ. ಈಗ ಬಲಗೈ ಬಂತೇನು?" ಎಂದು ಒಂದು ಪುಸ್ತಕದಲ್ಲಿ ಬರೆದಿದ್ದು ನನಗೆ ನೆನಪಿದೆ. ನನ್ನ ಇನ್‌ಸ್ಪೆಕ್ಷನ್ನಿಗಿಂತ ಅವರದು ಬಿರುಸು. ನಾನು ಕಾರ್ಯದರ್ಶಿಯಾದ ಮೇಲೆ ನನ್ನನ್ನು "ಸೆಕ್ರೆಟರಿ ಸಾಹೇಬ್ರ" ಎಂದು ಕರೆದು ಕಾಡಿಸುತ್ತಿದ್ದರು.

ಅವರ ಕಣ್ಣಿನ ಒಳಪರದೆ ಸವೆಯತೊಡಗಿತು. ಓದಲು ಕೂತರೆ ಅಕ್ಷರದ ನಟ್ಟನಡುವೆ ಹೊಗೆ ಕೂತಂತೆ ಕಾಣುತ್ತದೆ ಎನ್ನುತ್ತಿದ್ದರು. ಹೋದದ್ದು ಮರಳುವುದಿಲ್ಲ, ಇದ್ದದ್ದು ಎಷ್ಟು ದಿನವೋ ಹೇಳಲಾಗದು ಎಂದು ನಾಸಿಕದ ಡಾಕ್ಟರು ಹೇಳಿಬಿಟ್ಟರು. ಕನ್ನಡಕ, ಭೂತಗನ್ನಡಿ ಎಲ್ಲ ಮುಗಿದವು. ಬಿಳಿ ಹಾಳೆಯನ್ನು ನೋಡಿದರೆ ಕಣ್ಣು ಕುಕ್ಕುತ್ತಿತ್ತು. ಆಗ ಯಾರೋ ಟ್ಯಾಬ್ ತೋರಿಸಿದರು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ, ಬೇಕಾದಷ್ಟು ದಪ್ಪ. ಎಷ್ಟು ದೊಡ್ಡದು ಮಾಡಿದರೂ ಸಾಲುಗಳು ತಾವೇ ಮುರಿದು ಪರದೆಯೊಳಗೆ ಕೂಡುತ್ತವೆ. ಅಕ್ಕೋರು ತಲೆಯನ್ನು ಸ್ವಲ್ಪ ಓರೆ ಮಾಡಿ, ಕಣ್ಣಿನ ಅಂಚಿನಿಂದ ಮೊದಲ ಸಾಲು ಓದಿದರು. ಆಮೇಲೆ ಎರಡನೆಯದು. ಆಮೇಲೆ ನಮ್ಮನ್ನೆಲ್ಲ ಮರೆತು ಓದುತ್ತಲೇ ಹೋದರು. ಮಗಳು ಚಹಾ ಕಪ್ಪು ಹಿಡಿದುಕೊಂಡು ನಿಂತಲ್ಲೇ ಅತ್ತಳು.

ಸಂಘದ ವತಿಯಿಂದ ಟ್ಯಾಬ್ ತಂದೆವು. ಕನ್ನಡ ಪುಸ್ತಕ ಮಾರುವ ಒಂದು ಇಂಟರ್ನೆಟ್ ಅಂಗಡಿಯಲ್ಲಿ ಖಾತೆ ತೆರೆಯಲು ನಾನು ಕೂತೆ. ಹೆಸರು ಕೇಳಿತು, ನಿಯಮದಂತೆ ಸಂಘದ ಹೆಸರು ಕೊಟ್ಟೆ. ಮೊದಲ ಹೆಸರು 'ಕನ್ನಡ', ಕೊನೆಯ ಹೆಸರು 'ಸಂಘ'. ಗಂಡೋ ಹೆಣ್ಣೋ ಎಂದು ಕೇಳಿತು. ಹೆಂಡತಿ ಒಳಗಿನಿಂದಲೇ, "ಹೆಣ್ಣಂತ ಬರೀರಿ, ಕನ್ನಡ ತಾಯಿ ಅಲ್ಲೇನು" ಎಂದಳು. ಆಮೇಲೆ ಹುಟ್ಟಿದ ದಿನಾಂಕ ಕೇಳಿತು.

"ನಿಮ್ಮದ ಬರೀರಿ" ಎಂದಳು.

"ಖಾತೆ ನಂದಲ್ಲ."

"ಯಾವುದರೆ ಒಂದು ಬರೀರಿ, ಯಾರು ನೋಡ್ತಾರ?"

ಯಾರೂ ನೋಡುವುದಿಲ್ಲ ಎಂದು ಸುಳ್ಳು ಬರೆಯುವುದಾದರೆ ಇಷ್ಟು ವರ್ಷ ನಾನು ಆ ಮುದ್ರೆಯನ್ನು ಯಾಕೆ ಹೊತ್ತೆ? ಸಂಘ ಹುಟ್ಟಿದ ರಾಜ್ಯೋತ್ಸವದ ತಾರೀಖನ್ನು, ವರ್ಷದ ಸಮೇತ, ರಿಜಿಸ್ಟ್ರೇಶನ್ ಕಾಗದ ನೋಡಿ ಬರೆದೆ. ಆ ಲೆಕ್ಕದಲ್ಲಿ ನಮ್ಮ ಗಿರಾಕಿಗೆ ಆರು ವರ್ಷ. ಅಂಗಡಿ ಚಕಾರ ಎತ್ತಲಿಲ್ಲ. ಬನ್ನಿ ಕನ್ನಡ, ಸ್ವಾಗತ ಎಂದಿತು. ಪ್ರತಿ ಪುಸ್ತಕದ ಕೆಳಗೂ 'ಕೊಳ್ಳಿ' ಎಂಬ ಹಸಿರು ಗುಂಡಿ ಇತ್ತು. ಒತ್ತಿದೆವು, ಕೊಂಡೆವು. ಎರಡು ವರ್ಷಕಾಲ, ಆರು, ಏಳು, ಎಂಟು ವರ್ಷದ ಕೂಸಿನ ಕೈಯಿಂದ ದುಡ್ಡು ತೆಗೆದುಕೊಳ್ಳುವಾಗ ಆ ಅಂಗಡಿಗೆ ಅದರ ವಯಸ್ಸು ಕಾಣಲಿಲ್ಲ.

ಆ ಹುಮ್ಮಸ್ಸಿನಲ್ಲಿ ನಾವು ಇನ್ನೊಂದು ದಡ್ಡತನ ಮಾಡಿದೆವು. ಔರಂಗಾಬಾದಿನಲ್ಲಿ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದಲ್ಲಿ, ಫ್ಯಾಕ್ಟರಿಗಳಲ್ಲಿ ದುಡಿಯುವ ಬೀದರ, ಕಲಬುರಗಿಯ ಜನ ಹೊಸದಾಗಿ ಸಂಘ ಮಾಡಿದ್ದರು, ಅವರ ಹತ್ತಿರ ಪುಸ್ತಕ ಇರಲಿಲ್ಲ. ನಮಗೀಗ ಎಲ್ಲವೂ ಟ್ಯಾಬಿನಲ್ಲಿದೆಯಲ್ಲ ಎಂದು ಕಪಾಟನ್ನೇ ಟೆಂಪೊಗೆ ಏರಿಸಿ ಕಳಿಸಿಕೊಟ್ಟೆವು. ಸಮಾರಂಭ ಮಾಡಿ, ಹಾರ ಹಾಕಿಸಿಕೊಂಡು ಬಂದೆವು.

ಎರಡು ವರ್ಷದ ಮೇಲೆ, ಸಂಕ್ರಾಂತಿ ಮುಗಿದ ವಾರ, ಅಕ್ಕೋರ ಮನೆಯಿಂದ ಫೋನ್ ಬಂತು.

"ಸೆಕ್ರೆಟರಿ ಸಾಹೇಬ್ರ, ಪುಸ್ತಕ ಎಲ್ಲಾ ಖಾಲಿ ಆಗ್ಯಾವ. ನಾ ಏನರೆ ತಪ್ಪ ಒತ್ತೀನೇನ್ರಿ?"

ಹೋಗಿ ನೋಡಿದೆ. ಪುಸ್ತಕಗಳ ಜಾಗದಲ್ಲಿ ಒಂದು ಸೂಚನೆ ಇತ್ತು: ಪ್ರಿಯ ಕನ್ನಡ, ಹೊಸ ನಿಯಮದಂತೆ ಹದಿನೆಂಟು ತುಂಬದವರ ಖಾತೆಗಳನ್ನು ಮುಚ್ಚಲಾಗುತ್ತಿದೆ. ಕೊಂಡ ಪುಸ್ತಕಗಳೆಲ್ಲ ಖಾತೆಯ ಜೊತೆಗೇ ಮಾಯ. ಅಕ್ಕೋರು ಆಗ ಒಂದು ದೊಡ್ಡ ಕಾದಂಬರಿಯ ನಡುವೆ ಇದ್ದರು. ಒಂದೇ ಮನೆತನದ ಮೂರು ತಲೆಮಾರಿನ ಕಥೆ. ಎರಡನೆಯ ಸೊಸೆ ತವರಿಗೆ ಹೊರಟುಹೋಗಿದ್ದಳು, ತಿರುಗಿ ಬರುತ್ತಾಳೋ ಇಲ್ಲವೋ ತಿಳಿಯದ ಪುಟದಲ್ಲಿ ಅಂಗಡಿ ಬಾಗಿಲು ಹಾಕಿತ್ತು. ಹೊಗೆ ದಿನದಿನಕ್ಕೆ ಅಗಲವಾಗುತ್ತಿದೆ ಎಂದು ಅವರಿಗೇ ಗೊತ್ತಿತ್ತು.

"ಇದೊಂದು ನನ್ನ ಕಣ್ಣಲೆ ಓದಿ ಮುಗಿಸ್ಬೇಕಂತ ಮಾಡೀನ್ರಿ" ಎಂದರು. "ಮುಂದಿನವೆಲ್ಲ ನೀವು ಓದಿ ಹೇಳ್ರಿ, ಕೇಳ್ಕೋತ ಕೂಡ್ತೀನಿ. ಇದೊಂದು ಕೊಡಿಸ್ರಿ."

ಅವರು ನನ್ನಿಂದ ಕೇಳಿದ್ದು ಅಷ್ಟೇ. ನಾಳೆಯೇ ಕೊಡಿಸುತ್ತೇನೆ ಎಂದು ಹೇಳಿ ಬಂದೆ.

ಸಹಾಯವಾಣಿಗೆ ಫೋನ್ ಮಾಡಿದೆ. ಒಬ್ಬ ಹುಡುಗಿ ಹಿಂದಿಯಲ್ಲಿ, ಸಕ್ಕರೆಯಂಥ ದನಿಯಲ್ಲಿ, ಮಗುವಿನ ವಯಸ್ಸಿನ ದಾಖಲೆ ಕಳಿಸಿ ಎಂದಳು. ಇದು ಮಗುವಲ್ಲ, ಸಂಘ ಎಂದೆ. ಹಾಗಿದ್ದರೆ ಸಂಘದ ದಾಖಲೆ ಕಳಿಸಿ ಎಂದಳು. ರಿಜಿಸ್ಟ್ರೇಶನ್ ಸರ್ಟಿಫಿಕೇಟು, ಠರಾವಿನ ಪ್ರತಿ, ಪದಾಧಿಕಾರಿಗಳ ಪಟ್ಟಿ, ಎಲ್ಲದಕ್ಕೂ ಸಂಘದ ಶಿಕ್ಕಾ ಒತ್ತಿ ಕಳಿಸಿದೆ. ವಾರದ ಮೇಲೆ ಉತ್ತರ ಬಂತು. ನಾನು ಕಳಿಸಿದ ಅಷ್ಟೂ ಕಾಗದಗಳಿಂದ ಅವರಿಗೆ ಒಂದೇ ವಿಷಯ ಸಾಬೀತಾಗಿತ್ತು: ಗಿರಾಕಿಗೆ ನಿಜವಾಗಿಯೂ ಎಂಟೇ ವರ್ಷ. ಜೊತೆಗೊಂದು ಫಾರಂ ಇಟ್ಟಿದ್ದರು. 'ನಾನು ಈ ಮಗುವಿನ ತಂದೆ, ತಾಯಿ ಅಥವಾ ಕಾನೂನುಬದ್ಧ ಪೋಷಕ ಎಂದು ಪ್ರಮಾಣೀಕರಿಸುತ್ತೇನೆ.' ಅದರ ಕೆಳಗೆ ಸಹಿ ಹಾಕಿ ಕಳಿಸಿದರೆ ಖಾತೆ ತೆರೆಯುತ್ತಾರಂತೆ.

"ಹಾಕ್ರಿ ಸಹಿ" ಎಂದಳು ಹೆಂಡತಿ. "ಅಪ್ಪ ಅಂತ ಹಾಕ್ರಿ, ಮುಗೀತು."

ನನಗೆ ಸಿಟ್ಟು ನೆತ್ತಿಗೇರಿತು. ನಿಜ ಬರೆದದ್ದಕ್ಕೆ ಶಿಕ್ಷೆ, ಸುಳ್ಳು ಬರೆದರೆ ಬಿಡುಗಡೆಯೇ? ದುಡ್ಡು ಕೊಟ್ಟವರು ನಾವು, ಪುಸ್ತಕ ನಮ್ಮದು, ಅದಕ್ಕೆ ಹುಟ್ಟದೇ ಇರುವ ಮಗುವಿಗೆ ನಾನು ಅಪ್ಪನಾಗಬೇಕೇ? ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎನ್ನುವುದನ್ನು ಕೇಳಿದ್ದೆ, ಆಗ ಮೈಮೇಲೆ ಬಂತು. ಸಹಿ ಹಾಕುವುದಿಲ್ಲ ಎಂದೆ. ನ್ಯಾಯವಾಗಿಯೇ ಬಿಡಿಸಿಕೊಳ್ಳುತ್ತೇನೆ ಎಂದು ಪತ್ರ ಬರೆಯಲು ಕೂತೆ.

ಅಕ್ಕೋರಿಗೆ ತಡವಾಗುತ್ತದೆ ಎಂದು ಬೇರೆ ದಾರಿಗಳನ್ನೂ ಹುಡುಕಿದೆ, ಹುಡುಕಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ನನ್ನ ಸ್ವಂತ ಹೆಸರಿನಲ್ಲಿ ಹೊಸ ಖಾತೆ ತೆರೆದು ಅದೇ ಕಾದಂಬರಿಯನ್ನು ಮತ್ತೆ ಕೊಳ್ಳಲು ಹೋದೆ. ಒಮ್ಮೆ ಕೊಂಡದ್ದನ್ನು ಇನ್ನೊಮ್ಮೆ ಕೊಳ್ಳುವ ಅವಮಾನವನ್ನೂ ನುಂಗಿದ್ದೆ. ಆದರೆ ಪ್ರಕಾಶಕರು ಆ ಪುಸ್ತಕವನ್ನು ಅಂಗಡಿಯಿಂದ ಹಿಂತೆಗೆದುಕೊಂಡಿದ್ದರು. ಮೊದಲು ಕೊಂಡವರಿಗೆ ಮಾತ್ರ ಅದು ಉಂಟು, ಹೊಸಬರಿಗೆ ಇಲ್ಲ. ಬೇರೆ ಯಾವುದಾದರೂ ಕೊಡಿಸಲೇ ಎಂದು ಅಕ್ಕೋರನ್ನು ಕೇಳಿದೆ.

"ಅರ್ಧ ಊಟದಾಗ ಎಬ್ಬಿಸಿ, ಬ್ಯಾರೆ ಪಂಗತಿಗೆ ಕೂಡು ಅಂದಂಗ ಆಯ್ತಲ್ರಿ" ಎಂದು ನಕ್ಕರು.

ನಾವು ದಾನ ಕೊಟ್ಟ ಕಪಾಟಿನಲ್ಲಿ ಅದೇ ಕಾದಂಬರಿಯ ಹಳೆಯ ಮುದ್ರಣ ಇದ್ದದ್ದು ನೆನಪಾಯಿತು. ಒಂದು ಭಾನುವಾರ ನಿಫಾಡ, ಯೇವಲಾ, ವೈಜಾಪುರದ ಮೇಲಿನ ಮಹಾರಾಷ್ಟ್ರ ಸರ್ಕಾರದ ಎಸ್ಟಿ ಬಸ್ಸಿನಲ್ಲಿ, ದ್ರಾಕ್ಷಿಯ ಪೆಟ್ಟಿಗೆಗಳ ನಡುವೆ ಕಾಲು ಮಡಚಿ ಕೂತು ಹೋದೆ. ಅಲ್ಲಿನ ಅಧ್ಯಕ್ಷರು ನಮಗೆ ಹಾರ ಹಾಕಿದವರೇ.

"ಕೊಟ್ಟದ್ದು ವಾಪಸ್ ಕೇಳ್ಲಾಕ ಬಂದೀರೇನ್ರಿ?" ಎಂದು ತಮಾಷೆ ಮಾಡಿದರು. ವಿಷಯ ಹೇಳಿದ ಮೇಲೆ ಅವರ ಮುಖ ಸಣ್ಣದಾಯಿತು. ರಿಜಿಸ್ಟರಿನಲ್ಲಿ ಬರೆಸಿಕೊಂಡು ಪುಸ್ತಕ ಕೈಗಿತ್ತರು. "ಎಷ್ಟ ದಿನ ಬೇಕು ಇಟ್ಕೋರಿ. ನಿಮ್ಮದ ಅದ" ಎಂದರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬರುವಾಗ ಲೆಕ್ಕ ಹಾಕಿದೆ. ದಾನ ಕೊಟ್ಟ ಪುಸ್ತಕ ಎರಡು ವರ್ಷದ ಮೇಲೂ ನಮ್ಮದಾಗಿತ್ತು. ಕೊಂಡ ಪುಸ್ತಕ ಇರಲಿಲ್ಲ.

ಆದರೆ ಅದು ಉಪಯೋಗಕ್ಕೆ ಬರಲಿಲ್ಲ. ಹಳದಿಯಾದ ಹಾಳೆ, ಸಾಸಿವೆಯಂಥ ಅಕ್ಷರ. ಪಿಂಪಳಗಾಂವದ ಝೆರಾಕ್ಸ್ ಅಂಗಡಿಯಲ್ಲಿ ಎರಡು ಪಟ್ಟು ದೊಡ್ಡದು ಮಾಡಿಸಿದೆ, ಅಕ್ಷರದ ಜೊತೆ ಕೊಳೆಯೂ ದೊಡ್ಡದಾಯಿತು, ಬಿಳಿ ಹಾಳೆ ಕಣ್ಣಿಗೆ ಹೊಡೆಯಿತು. ಅಕ್ಕೋರ ಮಗಳು ಪುಟಗಳ ಫೋಟೊ ತೆಗೆದು ಟ್ಯಾಬಿಗೆ ಹಾಕಿ, ಕಪ್ಪುಬಿಳುಪು ಅದಲುಬದಲು ಮಾಡಿ ನೋಡಿದಳು. ಹಿಗ್ಗಿಸಿದರೆ ಸಾಲು ಪರದೆಯಿಂದಾಚೆ ಓಡುತ್ತಿತ್ತು, ಸಾಲಿನ ತುದಿ ಹುಡುಕುವುದರಲ್ಲೇ ಅವರಿಗೆ ತಲೆ ತಿರುಗಿತು. ಓದಿ ಹೇಳುತ್ತೇನೆ ಎಂದು ನನ್ನ ಹೆಂಡತಿ ಪುಸ್ತಕ ತೆರೆದರೆ ಅಕ್ಕೋರು ಅದರ ಮೇಲೆ ಕೈ ಇಟ್ಟರು.

"ಹೇಳಬ್ಯಾಡ್ರಿ ತಂಗಿ. ಆ ಸೊಸಿ ಬಂದ್ಲೋ ಇಲ್ಲೋ ನಾನ ನೋಡ್ತೀನಿ."

ನಾನು ಪತ್ರಗಳ ಮೇಲೆ ಪತ್ರ ಬರೆದೆ. ಪುಸ್ತಕ ಕೊಂಡವರಿಗೆ ಸೇರಿದ್ದೋ ಅಲ್ಲವೋ, ಒಂದು ಮಾತಿನಲ್ಲಿ ತಿಳಿಸಿ ಎಂದು ಕೇಳಿದೆ. ಉತ್ತರಗಳೆಲ್ಲ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ. ಪ್ರಿಯ ಕನ್ನಡ, ನಿಮ್ಮ ಅನುಭವ ನಮಗೆ ಮುಖ್ಯ. ಪ್ರಿಯ ಕನ್ನಡ, ಪೋಷಕರ ಫಾರಂ ಇನ್ನೂ ಬಂದಿಲ್ಲ. ಕೊನೆಗೆ ಒಬ್ಬ ಪುಣ್ಯಾತ್ಮ ಸತ್ಯ ಬರೆದ. ನಾವು ಕೊಂಡದ್ದು ಪುಸ್ತಕವನ್ನಲ್ಲವಂತೆ, ಓದುವ ಅನುಮತಿಯನ್ನಂತೆ. ಕೊಟ್ಟ ಅನುಮತಿಯನ್ನು ಅಂಗಡಿ ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದಂತೆ. ಖಾತೆ ತೆರೆಯುವಾಗ ಒಪ್ಪಿಗೆ ಎಂದು ಗುರುತು ಹಾಕಿದವನು ನಾನೇ ಅಂತೆ. ಹುಡುಕಿ ನೋಡಿದೆ, ನಿಜ. ಮೊಣಕೈಯುದ್ದದ ಕರಾರು, ಅದನ್ನು ಓದದೆ ಒಪ್ಪಿದ್ದೆ. ಕೂದಲೆಳೆಯ ಅಂತರವನ್ನು ಹಿಡಿಯುವ ಇನ್‌ಸ್ಪೆಕ್ಟರು, ನೋಡದೆ ಮುದ್ರೆ ಒತ್ತಿದ್ದೆ. ಅದರಿಂದ ನನ್ನ ಸಿಟ್ಟು ಇಳಿಯಬೇಕಿತ್ತು, ಇನ್ನೂ ಏರಿತು. ಅನುಮತಿಯನ್ನೇ ಮಾರುವುದಾದರೆ ಗುಂಡಿಯ ಮೇಲೆ ಅದನ್ನೇ ಬರೆಯಬೇಕಿತ್ತು. 'ಕೊಳ್ಳಿ' ಎಂದು ಬರೆದದ್ದು ಮೋಸ. ಇದನ್ನು ಆಗಲೂ ಬರೆದೆ, ಈಗಲೂ ಹೇಳುತ್ತೇನೆ.

ಅಷ್ಟರಲ್ಲಿ ಶಿವರಾತ್ರಿ ಹೋಯಿತು, ಪಾಡವಾ, ಅಂದರೆ ನಮ್ಮ ಯುಗಾದಿ, ಬಂದು ಹೋಯಿತು. ಹೆಂಡತಿ ವಾರಕ್ಕೊಮ್ಮೆಯಾದರೂ ಆ ಫಾರಂ ನನ್ನ ಮುಂದೆ ಇಡುತ್ತಿದ್ದಳು. ನಾನು ಅದನ್ನು ಮಡಚಿ ಪೆಟ್ಟಿಗೆಯಲ್ಲಿಡುತ್ತಿದ್ದೆ. "ನಿಮ್ಮ ಜಗಳ ಅಂಗಡಿ ಜೋಡಿ. ಕಣ್ಣು ಹೋಗ್ಲತ್ತದ್ದು ಅಕ್ಕೋರದು" ಎಂದು ಒಂದು ದಿನ ಹೇಳಿ ಎದ್ದು ಹೋದಳು. ನನಗೆ ಆಗಲೂ ನಾಟಲಿಲ್ಲ. ನ್ಯಾಯ ನನ್ನ ಕಡೆ ಇದೆಯಲ್ಲ, ಸ್ವಲ್ಪ ತಾಳಿದರೆ ಗೆಲ್ಲುತ್ತೇನೆ ಎಂಬ ಹಟ.

ಬಸವ ಜಯಂತಿಯ ದಿನ ಸಭಾಗೃಹದ ಬಾಗಿಲಲ್ಲಿ ನಿಂತು ಬಂದವರನ್ನು ಕರೆಯುತ್ತಿದ್ದೆ. ಅಕ್ಕೋರು ಮಗಳ ಕೈ ಹಿಡಿದು ಬಂದರು. ನಾನು ಕೈ ಮುಗಿದೆ. ಅವರು ನನ್ನ ಮುಖವನ್ನೇ ನೋಡುತ್ತಾ, ಅಪರಿಚಿತನಿಗೆ ಮಾಡುವ ಹಾಗೆ ಸೌಜನ್ಯಕ್ಕೆ ಕೈ ಮುಗಿದು ಮುಂದೆ ನಡೆದರು. "ಅಕ್ಕೋರ, ಬರ್ರಿ, ಮುಂದ ಕೂಡ್ರಿ" ಎಂದ ಮೇಲೆ ನಿಂತು ತಿರುಗಿದರು. "ಸೆಕ್ರೆಟರಿ ಸಾಹೇಬ್ರೇನ್ರಿ? ಗುರ್ತ ಹತ್ತಲಿಲ್ಲ ನೋಡ್ರಿ" ಎಂದರು.

ಕಾರ್ಯಕ್ರಮ ಬಿಟ್ಟು ಮನೆಗೆ ಓಡಿದೆ. ಫಾರಂ ತೆಗೆದು, ಎಂಟು ವರ್ಷದ ಕನ್ನಡ ಎಂಬ ಹೆಣ್ಣುಮಗಳ ತಂದೆ ನಾನು ಎಂದು ಪ್ರಮಾಣ ಮಾಡಿ ಸಹಿ ಹಾಕಿದೆ. ಫೋಟೊ ತೆಗೆದು ಕಳಿಸಿದೆ. ಮೂರು ತಿಂಗಳು ಶಿಕ್ಕಾ ಸಮೇತ ಕಳಿಸಿದ ಸತ್ಯವನ್ನು ನಂಬದ ಅಂಗಡಿ, ಈ ಸುಳ್ಳನ್ನು ಎರಡು ತಾಸಿನೊಳಗೆ ನಂಬಿತು. ಒಂದು ಪ್ರಶ್ನೆ ಕೇಳಲಿಲ್ಲ, ಒಂದು ದಾಖಲೆ ಬೇಡಲಿಲ್ಲ. ಧನ್ಯವಾದ, ಖಾತೆ ತೆರೆಯಲಾಗಿದೆ ಎಂದು ಸಂದೇಶ ಬಂತು. ಸಿಟ್ಟು ಬಂತು ನನಗೆ, ಯಾರ ಮೇಲೆ ಎಂದು ತಿಳಿಯಲಿಲ್ಲ.

ಸಂಜೆ ಅಕ್ಕೋರ ಮನೆಗೆ ಹೋದೆ. ಟ್ಯಾಬಿನಲ್ಲಿ ಎಲ್ಲ ಪುಸ್ತಕಗಳೂ ಮರಳಿ ಬಂದಿದ್ದವು. ಕಾದಂಬರಿ ಅವರು ಬಿಟ್ಟ ಪುಟದಲ್ಲೇ ತೆರೆಯಿತು. ಅವರು ತಲೆ ಓರೆ ಮಾಡಿ ಹಿಡಿದರು, ಇನ್ನೊಂದು ಕಡೆಗೆ ಓರೆ ಮಾಡಿದರು. ನಾನು ಅಕ್ಷರ ದೊಡ್ಡದು ಮಾಡಿದೆ. ಇನ್ನೂ ದೊಡ್ಡದು ಮಾಡಿದೆ. ಕೊನೆಗೆ ಪರದೆಯಲ್ಲಿ ಎರಡು ಪದಕ್ಕೆ ಮಾತ್ರ ಜಾಗ ಉಳಿಯಿತು.

"ಸುತ್ತ ಬೆಳಕ ಕಾಣ್ಸ್ತದ್ರಿ" ಎಂದರು. "ನಡುವ ಏನೂ ಇಲ್ಲ."

ಟ್ಯಾಬನ್ನು ತೊಡೆಯ ಮೇಲೆ ಇಳಿಸಿದರು. ಆಮೇಲೆ, "ಹ್ಯಾಂಗ ಬಿಡಿಸ್ಕೊಂಡ್ರಿ ಇದನ್ನ?" ಎಂದು ಕೇಳಿದರು. ಫಾರಂ, ಸಹಿ, ಎಲ್ಲ ಹೇಳಿದೆ.

"ಒಂದು ಸಹಿ ಅಷ್ಟ?"

"ಹೌದ್ರಿ, ಅಷ್ಟ."

"ಸಂಕ್ರಾಂತಿ ಆದಕೂಡ್ಲೆ ಹಾಕಿದ್ರ ಬರ್ತಿತ್ತೇನ್ರಿ?"

ದನಿಯಲ್ಲಿ ಆಕ್ಷೇಪವಿರಲಿಲ್ಲ, ತಿಳಿದುಕೊಳ್ಳುವುದಕ್ಕೆ ಕೇಳಿದ್ದರು. ಅವರ ಮಗಳು ಹಿಂದೆ ನಿಂತು, ಇಲ್ಲ ಎನ್ನಿ ಎಂದು ನನಗೆ ಕಣ್ಸನ್ನೆ ಮಾಡಿದಳು. ಆ ದಿನ ಒಂದು ಸುಳ್ಳು ಆಗಲೇ ಬರೆದಿದ್ದೆ, ಇನ್ನೊಂದು ಹೇಳಲು ಕಷ್ಟವಿರಲಿಲ್ಲ. ನನ್ನ ಬಾಯಿಗೆ ಬರಲಿಲ್ಲ.

"ಬರ್ತಿತ್ರಿ" ಎಂದೆ.